ಬೊಗಳದ ಕೆಂಚ್ಯಾಗ ಒಂದು ಮನಿ

ನೌಕರಿಯೊಳಗ ಇದ್ದಾಗ ದನ ಒದೀತಿದ್ವು, ರಿಟೈರ್ ಆದ ಮ್ಯಾಲ ಮಂದಿ ತಲಿ ತಿನ್ನಾಕತ್ತಾರ. ನನ್ನ ನಸೀಬಕ್ಕ ಇಂಥವೇ ಗಂಟು ಬೀಳ್ತಾವ ನೋಡ್ರಿ.

ನಾನು ಪಶು ಆಸ್ಪತ್ರ್ಯಾಗ ಕಂಪೌಂಡರ್ ಇದ್ದವ. ನಮ್ಮ ವಾಡಿ ಊರಿನ ಮಂದಿ ಇನ್ನೂ 'ಡಾಕ್ಟರ್ ಸಾಬ್' ಅಂತಾರ, ನಾನೂ ಬ್ಯಾಡ ಅನ್ನಂಗಿಲ್ಲ. ಹ್ವಾದ ವರ್ಷ ಕಲ್ಲಿನ ಲಾರಿಯೊಂದು ಓಣಿಯ ಒಂದು ಕೆಂಪು ನಾಯಿಗಿ ಬಡದು, ನಿಲ್ಲದಂಗ ಹೋಯ್ತು. ಮನಿಗಿ ತಂದು, ಪಟ್ಟಿ ಕಟ್ಟಿ, ಇಂಜೆಕ್ಷನ್ ಮಾಡಿ ಉಳಿಸಿದೆ, ಕೆಂಚ್ಯಾ ಅಂತ ಹೆಸರಿಟ್ಟೆ. ಹಿಂದಿನ ಒಂದು ಕಾಲು ಸೊಟ್ಟ ಉಳೀತು. ಹೆದರಿಕಿಗೋ ಏನೋ, ಅವತ್ತಿನಿಂದ ಕೆಂಚ್ಯಾ ಒಮ್ಮೆನೂ ಬೊಗಳಿಲ್ಲ.

ನಮ್ಮದು ಮಾಳಿಗಿ ಮ್ಯಾಲಿನ ಬಾಡಿಗಿ ಮನಿ. ಮೆಟ್ಟಲ ಹತ್ತಿ ಇಳದ್ರ ಅದರ ಕಾಲು ಮತ್ತ ಕೆಡ್ತದ, ಎತ್ಕೊಂಡು ಇಳದ್ರ ನನ್ನ ಸೊಂಟ ಕೆಡ್ತದ. ಇದನ್ನ ಸಾಕಲಿಕ್ಕ ಅಂಗಳ ಇರೋ ಯಾರದರ ಒಂದು ಛಲೋ ಮನಿ ಬೇಕಂತ ವಾಟ್ಸಾಪಿನ್ಯಾಗ ಕೆಂಚ್ಯಾನ ಫೋಟೋ ಹಾಕಿದೆ. ಅಲ್ಲಿಂದ ಸುರು ಆಯ್ತು.

೧. ಬಿಳಿ ಗ್ರಾನೈಟು

ಮೊದಲ ಬಂದವರು ಸೇಡಂದ ಗುತ್ತೇದಾರರು, ಗಂಡ ಹೆಂಡ್ತಿ, ದೊಡ್ಡ ಕಾರಿನ್ಯಾಗ. ಹೆಂಡ್ತಿ ಕೆಂಚ್ಯಾನ ಸುತ್ತ ಒಂದು ಸುತ್ತು ಹಾಕಿ, "ಬಣ್ಣ ಭಾಳ ಕೆಂಪು ಅದ ರೀ. ನಮ್ಮನ್ಯಾಗ ಬಿಳಿ ಗ್ರಾನೈಟು. ಕೂದಲ ಉದುರಿದ್ರ ಎದ್ದು ಕಾಣ್ತಾವ" ಅಂದ್ರು.

ನನಗ ಸಿಟ್ಟು ನೆತ್ತಿಗೇರ್ತು. ಸತ್ತು ಬದುಕಿದ ಜೀವ ಮುಂದ ನಿಂತದ, ಇವರಿಗಿ ನೆಲದ ಚಿಂತಿ! "ಅಮ್ಮಾರೆ, ನಾಯಿ ಬಣ್ಣ ಬದ್ಲಿ ಮಾಡ್ಲಿಕ್ಕ ನನಗ ಬರಂಗಿಲ್ಲ. ನೀವೇ ನೆಲ ಕಿತ್ತಿ ಕೆಂಪು ಕಲ್ಲು ಹಾಕಸ್ರಿ" ಅಂದೆ.

ಆಯಮ್ಮ ಗಂಡನ ಕಡಿ ತಿರುಗಿದ್ರು. "ಕೇಳ್ರಿ! ಮನಿ ಕಟ್ಟಿಸಾಗೇ ನಾ ಕೆಂಪು ಹಾಕಸ್ರಿ ಅಂತ ಬಡ್ಕೊಂಡೆ. ಡಾಕ್ಟರಿಗೆ ತಿಳೀತದ, ನಿಮಗ ತಿಳೀಲಿಲ್ಲ!" ಜಗಳ ಮೆಟ್ಟಲ ಇಳೀತು, ಕಾರು ಹತ್ತಿತು. ನಾಯಿ ಸುದ್ದಿ ಅಲ್ಲಿಗೇ ಮುಗೀತು.

೨. ಟ್ರೇನಿಂಗು

ಆಮ್ಯಾಲ ಚಿತ್ತಾಪುರ ಕಡಿಂದ ಒಬ್ಬ ಕಲ್ಲಿನ ಖಣಿ ಮಾಲಕರು ಬಂದ್ರು. ಖಣಿ ಕಾಯಲಿಕ್ಕ ನಾಯಿ ಬೇಕಾಗಿತ್ತು.

"ಇದು ಬೊಗಳಂಗಿಲ್ರಿ" ಅಂತ ಮೊದಲೇ ಹೇಳಿದೆ.

"ಕಲಿಸಿದ್ರ ಯಾಕ ಬೊಗಳಂಗಿಲ್ಲ? ಟ್ರೇನಿಂಗ್ ಕೊಡಬೇಕ್ರಿ" ಅಂದವರೇ, ಇಸ್ತ್ರಿ ಅಂಗಿ ತೋಳು ಮ್ಯಾಲ ಮಾಡಿ, ನಮ್ಮ ಪಡಸಾಲಿಯೊಳಗ ಮೊಣಕಾಲೂರಿ ಕುಂತು 'ಭೌ ಭೌ' ಅಂತ ಸುರು ಮಾಡಿದ್ರು. ಓಣಿ ನಾಯಿಗಳೆಲ್ಲ ಜವಾಬು ಕೊಟ್ವು. ಕೆಂಚ್ಯಾ ಮಾತ್ರ ಸುಮ್ಮನ ಅವರ ಮಾರಿ ನೋಡ್ಕೋತ ಕುಂತಿತ್ತು.

ಕೆಳಗಿಂದ ಮನಿ ಮಾಲಕ್ ಚಾಚಾ ಒದರಿದ್ರು: "ಅರೆ ಡಾಕ್ಟರ್ ಸಾಬ್! ಬೊಗಳಲಾರದ ನಾಯಿ ಅಂತ ಹೇಳಿ ಇಟ್ಕೊಂಡೀರಿ. ಈ ಎರಡನೇದು ಯಾವಾಗ ತಂದ್ರಿ?"

೩. ವಾಪಸಿ

ಚಿಂಚೋಳಿ ಕಡಿಯವನೊಬ್ಬ, ಚಂದ್ರಂಪಳ್ಳಿ ಹತ್ರ ತೊಗರಿ ಹೊಲ ಇದ್ದವ, ಬೊಗಳದಿದ್ರೂ ನಡೀತದ ಅಂತ ಒಪ್ಪಿಕೊಂಡ. ಅವನ ಹೊಲ, ಗುಡಿಸಲ ಎಲ್ಲಾ ನೋಡೇ ಬಿಟ್ಟು ಬಂದಿದ್ದೆ. ವಾರ ತುಂಬಲಿಲ್ಲ, ಫೋನ್ ಬಂತು. "ಬಂದು ಒಯ್ರಿ ನಿಮ್ಮ ನಾಯಿ. ಖರಾಬ್ ಮಾಲ್ ಕೊಟ್ಟೀರಿ!"

ಬಸ್ಸು ಹತ್ತಿ ಹೋದೆ. ಕೆಂಚ್ಯಾನ ಮೊಳದುದ್ದದ ಸರಪಳಿಗಿ ಬಿಗದಿದ್ದ, ನೀರಿನ ಡಬ್ಬಿ ಅಡ್ಡ ಬಿದ್ದಿತ್ತು. "ಏನು ತಪ್ಪು ಮಾಡ್ತಪಾ ಇದು?" ಅಂದೆ.

"ಹಂದಿ ಹಿಂಡು ಬಂದು ತೊಗರಿ ತುಳದ್ವು. ಇದು ನೋಡ್ಕೋತ ಕುಂತಿತ್ತು."

"ನೀ ಎಲ್ಲಿದ್ದಿ?"

"ಹೊಲ ಕಾಯೋ ಅಟ್ಟದ ಮ್ಯಾಲ."

"ಏನು ಮಾಡ್ದಿ?"

ಅವ ತಲಿ ಕೆರಕೊಂಡ. "ನಾನೂ ನೋಡ್ಕೋತ ಕುಂತಿದ್ದೆ."

"ಮತ್ತ ನಿನ್ನ ವಾಪಸ್ ಒಯ್ಲಿಕ್ಕ ಯಾರಿಗಿ ಫೋನ್ ಹಚ್ಚಬೇಕು?" ಅಂತ ಕೇಳಿ, ಸರಪಳಿ ಬಿಚ್ಚಿ ಕೆಂಚ್ಯಾನ ಎತ್ಕೊಂಡು ಬಂದೆ.

೪. ಭಂಕೂರದ ಅಕ್ಕ

ಇನ್ನ ಯಾರಿಗೂ ಕೊಡೂದು ಬ್ಯಾಡ, ಸೊಂಟ ಹ್ವಾದ್ರ ಹೋಗ್ಲಿ ಅಂತ ಕುಂತಿದ್ದೆ. ಆಗ ಶಹಾಬಾದ ಹತ್ರ ಭಂಕೂರದಾಗ ರೊಟ್ಟಿ ಬಡದು ಮಾರೋ ಅಕ್ಕ ಒಬ್ಬಾಕಿ ಫೋನ್ ಮಾಡಿದ್ಳು. ಕೆಂಚ್ಯಾನ ಕರಕೊಂಡು ಮನಿ ನೋಡಲಿಕ್ಕ ಹೋದೆ. ಮುಂದ ಫರಸಿ ಕಲ್ಲು ಹಾಸಿದ ಅಂಗಳ, ಬೇವಿನ ನೆರಳು, ಒಂದೂ ಮೆಟ್ಟಲ ಇಲ್ಲ. ನಾನು ಬಾಯಿ ತೆರೆಯೂದ್ರಾಗ ಆಕಿನೇ ಸುರು ಮಾಡಿದ್ಳು.

"ಯಾಕ ಕೊಡಾಕತ್ತೀರಿ ಇದಕ್ಕ?"

"ಮೆಟ್ಟಲ ಅದಾವ ಅಕ್ಕಾ, ಕಾಲಿಗಿ..."

"ನೀವು ಕೆಳಗ ಮನಿ ಹಿಡೀಬೇಕಿತ್ತು! ಉಪವಾಸ ಹಾಕೀರೇನು? ಇಷ್ಟು ಬಡಕ ಯಾಕದ?"

ಎಲ್ಲರಿಗೂ ಸವಾಲು ಹಾಕಿದ ನಾನು ಆಕಿ ಮುಂದ ಕೈ ಕಟ್ಟಿ ನಿಂತಿದ್ದೆ. "ಬೊಗಳಂಗಿಲ್ಲ ಅಕ್ಕಾ" ಅಂದೆ ಸಣ್ಣ ದನ್ಯಾಗ.

"ಬ್ಯಾಡ ಬಿಡ್ರಿ. ಈ ಮನ್ಯಾಗ ಒದರಲಿಕ್ಕ ನಾ ಒಬ್ಬಾಕಿ ಸಾಕು" ಅಂತ ಹೇಳಿ, ಬಿಸಿ ರೊಟ್ಟಿ ಮುರದು ಕೆಂಚ್ಯಾನ ಮುಂದಿಟ್ಟಳು. ನನಗ ಕುಂದ್ರಿ ಅಂತ ಸುದ್ದಾ ಅನಲಿಲ್ಲ. ಕೆಂಚ್ಯಾನ ಅಲ್ಲೇ ಬಿಟ್ಟು ಬಂದೆ.

ಸ್ವಲ್ಪ ದಿನ ಬಿಟ್ಟು, ಜೀವ ತಡೀಲಾರದ, ಬಿಸ್ಕೀಟ್ ಪಾಕೀಟ್ ತಗೊಂಡು ಭಂಕೂರಕ್ಕ ಹೋದೆ. ಗೇಟಿಗಿ ಕೈ ಹಚ್ಚಿದ್ದೇ ತಡ, ಒಳಗಿಂದ 'ಭೌ!' ಅಂತು.

ನೋಡಿದ್ರ ಕೆಂಚ್ಯಾ! ಸೊಟ್ಟ ಕಾಲು ಊರಿ, ಬೆನ್ನಿನ ಕೂದಲ ನಿಮಿರಿಸಿ, ಅಕ್ಕನ ಬಾಗಲಿಗಿ ಅಡ್ಡ ನಿಂತು ನನಗೇ ಬೊಗಳಾಕತ್ತದ! "ಏ ಕೆಂಚ್ಯಾ, ನಾನೋ! ನಿನ್ನ ಉಳಿಸಿದಾಂವ!" ಅಂದೆ. ಗುರ್ತು ಹಿಡೀತು, ಬಾಲ ಅಲ್ಲಾಡಿಸ್ತು. ಖರೆ ಬೊಗಳೂದು ಮಾತ್ರ ಬಿಡಲಿಲ್ಲ. ರೊಟ್ಟಿ ಒಯ್ಲಿಕ್ಕ ಬಂದ ಮಂದಿ ಎಲ್ಲಾ ನನ್ನ ನೋಡಾಕತ್ತಿದ್ರು.

ಹಿಟ್ಟಿನ ಕೈಲೆ ಹೊರಗ ಬಂದ ಅಕ್ಕ, "ಫೋನ್ ಮಾಡಿ ಬರಬೇಕಿಲ್ಲೇನ್ರಿ? ನಮ್ಮ ನಾಯಿ ಹೊಸಬರಿಗಿ ಬಿಡಂಗಿಲ್ಲ" ಅಂದ್ಳು. ಹೊಸಬ! ನಾನು! ಸಿಟ್ಟು ಬಂತು, ಕಣ್ಣಾಗ ನೀರೂ ಬಂತು, ನಗೂನೂ ತಡೀಲಿಲ್ಲ.

ರಸ್ತೆಗಿ ಬಂದು, ಟ್ರೇನಿಂಗ್ ಕೊಟ್ಟಿದ್ದ ಆ ಖಣಿ ಮಾಲಕರಿಗಿ ಫೋನ್ ಹಚ್ಚಿದೆ. "ಸಾವಕಾರ್ರೆ, ನಮ್ಮ ಕೆಂಚ್ಯಾ ಬೊಗಳ್ತು!"

"ಅರೆ! ಕಳ್ಳ ಸಿಕ್ಕನೇನು?"

"ಸಿಕ್ಕಾನ್ರಿ" ಅಂದೆ. "ಬಿಸ್ಕೀಟ್ ಪಾಕೀಟ್ ಹಿಡಕೊಂಡು ವಾಡಿ ಬಸ್ಸಿನ ಹಾದಿ ನೋಡಾಕತ್ತಾನ."