ಒಂದೇ ಬೆರಳಿಗೆ ನಲವತ್ತು ಪಿಟೀಲು

ಹಾಸನದಲ್ಲಿ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತೇನೆ ಅಂದರೆ ಜನ ಮೊದಲು ಕೇಳುವುದು, “ಜೆರಾಕ್ಸೂ ಮಾಡ್ತೀರಾ?” ಅಂತ. ಯೋಗ ತರಗತಿಗಳಿಗೆ ಧ್ಯಾನದ ಸಂಗೀತ ಮಾಡಿಕೊಡುವುದು ನನ್ನ ಕಸುಬು. ಜೆರಾಕ್ಸ್ ಅಂಗಡಿ ಇರುವುದು ನನ್ನ ರೂಮಿನ ಕೆಳಗೆ. ಹತ್ತು ವರ್ಷದಿಂದ ಇಂಥ ಫಜೀತಿಗಳ ಮಧ್ಯೆಯೇ ಇದ್ದೇನೆ. ಆದರೆ ಮೊದಲ ಸಿನಿಮಾ ಸಿಕ್ಕಾಗ ಆದದ್ದು ಬೇರೆಯೇ.

ನಲವತ್ತು ಪೊಟ್ಟಣ

ನಿರ್ಮಾಪಕರು ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ. ನನ್ನ ಧ್ಯಾನದ ಸಂಗೀತ ಕೇಳಿ ಅವರ ಬಿ.ಪಿ. ಇಳಿದಿತ್ತಂತೆ, ಅದೊಂದೇ ನನ್ನ ಅರ್ಹತೆ. ಫೋನಿನಲ್ಲಿ ನಾನು, “ನಲವತ್ತು ಪಿಟೀಲು ನುಡಿಸ್ತೀನಿ ಸಾರ್” ಅಂದಿದ್ದೆ. ಒಂದು ಬೆಳಿಗ್ಗೆ ಡ್ರೈವರ್ ಕೈಲಿ ಎರಡು ದೊಡ್ಡ ಚೀಲ ಹೊರಿಸಿಕೊಂಡು ಮೆಟ್ಟಿಲು ಹತ್ತಿ ಬಂದರು. ರೂಮಿನ ತುಂಬ ಕಣ್ಣಾಡಿಸಿದರು. ಮಂಚದ ಕೆಳಗೂ ಬಗ್ಗಿ ನೋಡಿದರು.

“ಎಲ್ಲಿ ಮೇಷ್ಟ್ರೇ, ಪಿಟೀಲ್ನೋರು?”

ನಾನು ಕೀಬೋರ್ಡಿನ ಮೇಲೆ ಒಂದು ಬೆರಳು ಒತ್ತಿದೆ. ನಲವತ್ತು ಪಿಟೀಲು ಒಟ್ಟಿಗೆ ಮೊರೆದವು.

“ಇಷ್ಟೇನಾ?” ಅಂದು ಅವರು ನನ್ನ ಬೆರಳನ್ನೇ ನೋಡುತ್ತ ನಿಂತರು. “ಮಿಷಿನ್ ಸಂಗೀತ ಜನಕ್ಕೆ ಹಿಡಿಸ್ತದಾ? ಅರಕಲಗೂಡಲ್ಲಿ ಒಂದು ಷೋ ಹಾಕಿ ನೋಡಾನ. ಕ್ಲೈಮ್ಯಾಕ್ಸಲ್ಲಿ ಒಬ್ಬನೇ ಒಬ್ಬ ಎದ್ದೋದ್ರೂ ಇದನ್ನ ಕಿತ್ತಾಕ್ಸಿ ಆರ್ಕೆಸ್ಟ್ರಾದೋರ ಕೈಲಿ ಮಾಡುಸ್ಬುಡ್ತೀನಿ.”

ಈ ಸಿನಿಮಾ ಕೈತಪ್ಪಿದರೆ ಉಳಿದ ಆಯುಷ್ಯವೆಲ್ಲ ಶವಾಸನಕ್ಕೇ ಬಾರಿಸಿಕೊಂಡಿರಬೇಕು. ಹೊರಡುವಾಗ ಅವರು ಚೀಲಗಳನ್ನು ಬಿಚ್ಚಿದರು. ನಲವತ್ತು ಪೊಟ್ಟಣ ಇಡ್ಲಿ-ವಡೆ, ಬಿಸಿ ಇನ್ನೂ ಆರಿರಲಿಲ್ಲ.

“ಎಲ್ಲಾರ್ದೂ ನೀವೇ ಬಾರ್ಸ್ತೀರ ಅಂದ್ಮೇಲೆ, ಎಲ್ಲಾರ್ದೂ ನೀವೇ ತಿನ್ನಿ.”

ಉಸಿರಿಲ್ಲದ ಓಲಗ

ಸಿನಿಮಾದಲ್ಲಿ ಒಂದು ಮದುವೆ ಇತ್ತು. ಅದರ ಓಲಗವನ್ನೂ ಕಂಪ್ಯೂಟರಿನಲ್ಲೇ ಮಾಡಿದ್ದೆ. ಬಲ್ಲವರು ಒಬ್ಬರು ಒಪ್ಪಲಿ ಅಂತ ಹೊಳೆನರಸೀಪುರದ ಹಿರಿಯ ಓಲಗದ ವಿದ್ವಾಂಸರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ. ಐವತ್ತು ವರ್ಷ ನಾಗಸ್ವರ ಊದಿದವರು. ಕಣ್ಣು ಮುಚ್ಚಿ ಕೇಳತೊಡಗಿದರು. ಒಂದು ನಿಮಿಷಕ್ಕೆ ಅವರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ನಾನು ಆನಂದಬಾಷ್ಪಕ್ಕೆ ಕಾಯುತ್ತಿದ್ದೆ. ಅವರು ದಡಕ್ಕನೆ ಎದ್ದರು.

“ನಿಲ್ಸಪ್ಪಾ, ನಿಲ್ಸು! ಅವ್ನು ಆಗ್ಲಿಂದ ಉಸ್ರೇ ತಗಂಡಿಲ್ಲ! ಸತ್ತೋಯ್ತಾನೆ!”

“ಊದ್ತಿರೋದು ಮನುಷ್ಯ ಅಲ್ಲ, ಕಂಪ್ಯೂಟರು” ಅಂದೆ.

“ಯಾರಾದ್ರೇನು? ಅವ್ನ ಜೊತೆ ಉಸ್ರು ಇಡ್ಕಂಡು ನಾನು ಸಾಯ್ತಿದ್ದೆ.”

ಅಲ್ಲೇ ಕೂತು ನಾಲ್ಕು ನಾಲ್ಕು ಸಾಲಿಗೊಮ್ಮೆ ಉಸಿರೆಳೆಯುವ ಸದ್ದು ಸೇರಿಸಿ ಮತ್ತೆ ಕೇಳಿಸಿದೆ. ಅವರಿಗೆ ಸಮಾಧಾನವಾಯಿತು. ಒಳಗೆ ತಿರುಗಿ ಹೆಂಡತಿಗೆ ಕೂಗಿದರು.

“ಮೂರು ಲೋಟ ಕಾಪಿ ಮಾಡೇ. ಪಾಪ, ಒಳ್ಗಿರೋನೂ ದಣ್ದವ್ನೆ.”

ಎದ್ದು ಹೋದವರು

ಕ್ಲೈಮ್ಯಾಕ್ಸಿನಲ್ಲಿ ಹದಿನೈದು ವರ್ಷ ಮಾತು ಬಿಟ್ಟಿದ್ದ ಅಕ್ಕ-ತಂಗಿ ಎದುರುಬದುರಾಗುತ್ತಾರೆ. ನಾಲ್ಕು ನಿಮಿಷ ಮಾತೇ ಇಲ್ಲ. ನಿರ್ಮಾಪಕರು, “ಅಲ್ಲಿ ಭೂಮ್ತಾಯೇ ಗುಂಯ್ ಅಂದಂಗಿರ್ಬೇಕು ಮೇಷ್ಟ್ರೇ” ಅಂದಿದ್ದರು. ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಅಂಥ ಸದ್ದು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಕಟ್ಟಾಯದ ನಮ್ಮ ಭಾವನ ತೋಟದಲ್ಲಿ. ಅಕ್ಕನ ಮನೆಗೆ ಊಟಕ್ಕೆ ಹೋದವನು ಬಾವಿಯ ಮೋಟರಿನ ಸದ್ದನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡು ಬಂದೆ. ಚೂರು ಪ್ರತಿಧ್ವನಿ ಬೆರೆಸಿದರೆ, ಸಾಕ್ಷಾತ್ ಓಂಕಾರ!

ಅರಕಲಗೂಡಿನ ಬೆಳಗಿನ ಷೋಗೆ ಅಕ್ಕನನ್ನೂ ಭಾವನನ್ನೂ ಕರೆದೆ. ನನ್ನ ಮುಖ ನೋಡಿಯಾದರೂ ಕೊನೇವರೆಗೆ ಕೂರುವವರು ಅವರಿಬ್ಬರೇ ಅನ್ನುವ ನಂಬಿಕೆ.

ಕ್ಲೈಮ್ಯಾಕ್ಸ್ ಬಂತು. ನನ್ನ ಓಂಕಾರ ಶುರುವಾಯಿತು. ಥಿಯೇಟರು ನಿಶ್ಶಬ್ದ. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗೆದ್ದೆ ಅಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿ ಯಾರೋ ಧಡಾರನೆ ಎದ್ದರು.

“ಅಯ್ಯಯ್ಯೋ, ನಮ್ ಮೋಟ್ರು! ಬೇರಿಂಗ್ ಓಗೈತೆ! ಆಪ್ ಮಾಡ್ರಲಾ!”

ಭಾವ ಪಂಚೆ ಎತ್ತಿಕಟ್ಟಿ ಬಾಗಿಲ ಕಡೆ ಓಡಿದರು. ನಿರ್ಮಾಪಕರು ಅವರ ಹಿಂದೆ, ನಾನು ನಿರ್ಮಾಪಕರ ಹಿಂದೆ.

ಹೊರಗೆ ನಿರ್ಮಾಪಕರು ಭಾವನ ತೋಳು ಹಿಡಿದು ನಿಲ್ಲಿಸಿದರು. “ಯಾಕ್ರೀ ಎದ್ದೋಗ್ತಿದ್ದೀರಿ?”

“ಸೌಂಡ್ ಕೇಳ್ನಿಲ್ವಾ ಸಾ? ನಮ್ ಬಾವಿ ಮೋಟ್ರು ಅದು. ಗುಂಯ್ ಅನ್ನೋದ್ರೊಳ್ಗೆ ಕಿರ್ ಅಂತೈತೆ. ಇಂಗೇ ಬುಟ್ರೆ ಸುಟ್ಟೋಯ್ತದೆ!” ಅಂದವರೇ ಕೈ ಕೊಡವಿಕೊಂಡು ಬೈಕ್ ಹತ್ತಿದರು.

ನಿರ್ಮಾಪಕರು ನನ್ನತ್ತ ತಿರುಗಿದರು. ಕದ್ದು ರೆಕಾರ್ಡ್ ಮಾಡಿದ್ದನ್ನು ತಡವರಿಸುತ್ತ ಒಪ್ಪಿಕೊಂಡೆ. ಅವರು ಭಾವನ ಬೈಕ್ ಮರೆಯಾಗುವವರೆಗೂ ಅದನ್ನೇ ನೋಡಿದರು. ಆಮೇಲೆ ನನ್ನ ಹೆಗಲು ತಟ್ಟಿದರು.

“ಮಿಷಿನ್ ಸಂಗೀತ ಅಂತ ಸುಮ್ನೆ ಎದ್ರುಕೊಂಡಿದ್ದೆ. ನೀವು ನಿಜವಾದ್ ವಾದ್ಯಾನೇ ಬಾರ್ಸಿದ್ದೀರ! ಸಂಗೀತ ಅಂಗೇ ಇರ್ಲಿ ಮೇಷ್ಟ್ರೇ. ಬೇರಿಂಗ್ ಒಂದು ಬದ್ಲಾಯ್ಸಿ.”

ಖುಷಿಗೆ ನನಗೆ ಅಳುವೇ ಬಂತು. ಮಧ್ಯಾಹ್ನ ಭಾವ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿದೆ.

“ಬಿಚ್ಸಿ ನೋಡ್ದೆ ಕಣಪ್ಪಾ, ಬೇರಿಂಗ್ ಪೂರ್ತಿ ಸವ್ದೋಗಿತ್ತು. ದಿನಾ ಪಕ್ದಲ್ಲೇ ನಿಂತ್ಕಂಡ್ರೂ ಗೊತ್ತಾಗಿರ್ನಿಲ್ಲ, ನಿನ್ ಸಿನಿಮಾದಲ್ಲಿ ಎಷ್ಟು ಕ್ಲೀನಾಗಿ ಕೇಳುಸ್ತು! ಭಾನ್ವಾರ ಬಾ. ನಿಮ್ಮಕ್ಕನ ಮಿಕ್ಸೀನೂ ಯಾಕೋ ಸದ್ದು ಮಾಡ್ತೈತೆ, ಅದ್ನೂ ಒಂದು ಸಿನಿಮಾಕ್ಕೆ ಆಕ್ಬುಡು.”