ಮಜ್ಜಿಗೆಗೆ ಬಂದ ಆಟೋ

"ಗಾಡಿ ನಿಂತಿದೆ ಅಂದ್ರೆ ನಿನ್ನ ಡಬ್ಬಿ ಕೆಟ್ಟಿದೆ ಅಂತ ಅರ್ಥ ಕಣೇ!"

"ಗಾಡಿ ನಿಂತಿದೆ ಅಂದ್ರೆ ನನ್ನ ಡಬ್ಬಿ ಸರಿಯಾಗಿದೆ ಅಂತ ಅರ್ಥ ರೀ!"

ಯೋಗಾನಂದ, ದಿವ್ಯ ದಂಪತಿಗಳನ್ನು ನಾನು ಮೊದಲು ಕಂಡದ್ದು ಹೀಗೆ. ಮಟಮಟ ಮಧ್ಯಾಹ್ನ. ಸುಂಕದಕಟ್ಟೆಯಲ್ಲಿ ಗೆಳೆಯ ರಾಮಯ್ಯನ ಮನೆಗೆ ಊಟಕ್ಕೆ ಹೊರಟಿದ್ದೆ. ನಾನು ಕುಳಿತಿದ್ದ ವಿದ್ಯುತ್ ಆಟೋ ಮಾಗಡಿ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ಹಿಂದೆಯೇ ಸ್ಕೂಟರಿನಲ್ಲಿ ಬರುತ್ತಿದ್ದ ಇವರಿಬ್ಬರೂ ಇಳಿದವರೇ ಜಗಳಕ್ಕೆ ನಿಂತರು.

ಹಳೆಯ ಆಟೋಗಳಿಗೆ ವಿದ್ಯುತ್ ಮೋಟರು ಕೂರಿಸುವ ಪುಟ್ಟ ಅಂಗಡಿ ಅವರದು. ಮೋಟರನ್ನು ಅಂಕೆಯಲ್ಲಿಡುವ ಡಬ್ಬಿಯ ವಿನ್ಯಾಸ ದಿವ್ಯಳ ಕೆಲಸ. ಸಾಮಾನು ತರುವುದು, ಗಿರಾಕಿ ಹಿಡಿಯುವುದು ಯೋಗಾನಂದನ ಪಾಲು. ಡಬ್ಬಿಯನ್ನು ಪರೀಕ್ಷೆಗೆಂದು ಮೊದಲು ಕೂರಿಸಿದ್ದು ನನ್ನ ಚಾಲಕ ಈರಪ್ಪನ ಗಾಡಿಗೆ. ಅವನು ಒಪ್ಪಿದರೆ ಸ್ಟ್ಯಾಂಡಿನವರೆಲ್ಲ ಹಾಕಿಸುವುದೆಂದು ಮಾತಾಗಿತ್ತು. ಬೇಡವೆಂದರೆ ಅಂಗಡಿಗೆ ಬೀಗ.

ಈರಪ್ಪ: ಅಕ್ಕಾರ, ಸರಿ ಐತೋ ಕೆಟ್ಟೈತೋ ಆಮ್ಯಾಲ ಮಾತಾಡ್ಕೋರಿ. ಮೊದಲ ನಿಮ್ಮ ಡಬ್ಬಿ ಬಿಚ್ಕೊಂಡು ಹೋಗ್ರಿ.

ದಿವ್ಯ: ಈರಪ್ಪಣ್ಣ, ಸ್ವಲ್ಪ ಕೇಳಿ. ನಿಮ್ಮ ಹ್ಯಾಂಡಲ್‌ನಲ್ಲಿ ಎರಡು ಸೆನ್ಸಾರ್ ಇದೆ. ನೀವು ಎಷ್ಟು ತಿರುಗಿಸಿದ್ರಿ ಅಂತ ಎರಡೂ ಡಬ್ಬಿಗೆ ಹೇಳ್ತವೆ. ಎರಡೂ ಒಂದೇ ಮಾತು ಹೇಳಿದ್ರೆ ಗಾಡಿ ಓಡತ್ತೆ. ಬೇರೆ ಬೇರೆ ಹೇಳಿದ್ರೆ ಯಾವುದನ್ನ ನಂಬೋದು? ಅದಕ್ಕೇ ನಿಂತ್ಕೊಳತ್ತೆ.

ಈರಪ್ಪ: ನಿಂತ್ಕೊಂಡು?

ದಿವ್ಯ: ನಿಂತ್ಕೊಂಡು ಅಷ್ಟೇ. ನಿಂತ ಗಾಡಿ ಯಾರಿಗೂ ಗುದ್ದಲ್ಲ.

ಈರಪ್ಪ: ನಿಂತ ಗಾಡಿಗೆ ಹಿಂದಿಂದ ಬಂದು ಗುದ್ದತಾರಲ್ರೀ!

ಹಿಂದಿನ ಬಸ್ಸಿನ ಕಂಡಕ್ಟರು ತಲೆ ಹೊರಹಾಕಿ ಇದನ್ನೇ ಅನುಮೋದಿಸಿದ.

ಕಂಡಕ್ಟರ್: ಸ್ವಾಮಿ, ಮನೆ ಜಗಳಾನ ಫುಟ್‌ಪಾತ್ ಮೇಲೆ ಇಟ್ಕೊಳ್ರಪ್ಪ! ಬಸ್ ತುಂಬಾ ಜನ ಇದಾರೆ!

ನಾಲ್ವರೂ ಸೇರಿ ಗಾಡಿಯನ್ನು ತಳ್ಳಿ ಒಂದು ಬೇಕರಿಯ ಮುಂದೆ ನಿಲ್ಲಿಸಿದೆವು. ತಳ್ಳುವಾಗಲೂ ವಾದ ನಿಲ್ಲಲಿಲ್ಲ.

ಯೋಗಾನಂದ: ಒಂದೇ ಸೆನ್ಸಾರ್ ಸಾಕು ಅಂತ ಬಡ್ಕೊಂಡೆ. ಒಂದೇ ಇದ್ದಿದ್ರೆ ಜಗಳ ಆಡೋಕೆ ಇನ್ನೊಂದು ಇರ್ತಿರಲಿಲ್ಲ.

ದಿವ್ಯ: ಒಂದೇ ಇದ್ದು, ಅದೂ ಕೆಟ್ಟು, ಪೂರ್ತಿ ತಿರುಗಿಸಿದಾರೆ ಅಂತ ಸುಳ್ಳು ಹೇಳಿದ್ರೆ? ಈ ಸಾರ್ ಇಷ್ಟೊತ್ತಿಗೆ ಸಿಗ್ನಲ್ ದಾಟಿ ಯಾವುದಾದ್ರೂ ಎಳನೀರು ಗಾಡಿ ಒಳಗಿರ್ತಿದ್ರು.

ನಾನು: ತಾಯಿ, ಉದಾಹರಣೆಗೆ ನಾನೇ ಬೇಕೇ?

ಯೋಗಾನಂದ: ಅನುಮಾನ ಪಡೋಕೂ ಖರ್ಚಾಗತ್ತೆ ಕಣೇ! ಆಟೋದವರು ಕೊಡೋ ದುಡ್ಡಲ್ಲಿ ಎಷ್ಟು ಅಂತ ಅನುಮಾನ ಕೂರಿಸ್ಲಿ?

ದಿವ್ಯ ಬೇಕರಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಡಬ್ಬಿಯ ತಂತಿ ಸಿಕ್ಕಿಸಿದಳು. ಸ್ವಲ್ಪ ಹೊತ್ತು ತೆರೆಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಯೋಗಾನಂದ ಗಾಜಿನ ಪೆಟ್ಟಿಗೆಯೊಳಗಿನ ಬನ್ನುಗಳನ್ನು ನೋಡತೊಡಗಿದ.

ದಿವ್ಯ: ರೀ, ಎರಡನೇ ಸೆನ್ಸಾರ್ ಬಿಸಿಲಿಗೆ ಕಾದಷ್ಟೂ ಜಾಸ್ತಿ ಜಾಸ್ತಿ ಹೇಳ್ತಿದೆ. ನಾನು ಆರಿಸಿದ್ದು ಹೀಗೆ ಮಾಡಲ್ಲ. ಎಲ್ಲಿಂದ ತಂದ್ರಿ?

ಯೋಗಾನಂದ: ಅಂಗಡಿಯಿಂದ.

ದಿವ್ಯ: ನಾನು ಹೇಳಿದ ಅಂಗಡಿಯಿಂದ?

ಯೋಗಾನಂದ: ಅದರ ಪಕ್ಕದ ಅಂಗಡಿಯಿಂದ.

ದಿವ್ಯ: ಬೆಲೆ?

ಯೋಗಾನಂದ: ಅರ್ಧ. ನೋಡೋಕೆ ಅವಳಿಜವಳಿ ಥರಾನೇ ಇತ್ತು ಕಣೇ!

ದಿವ್ಯ: ಓಹೋ! ಬೆಳಿಗ್ಗೆ ನಿಮ್ಮಮ್ಮ ಫೋನ್ ಮಾಡಿ 'ನನ್ನ ಮಗ ಎಲ್ಲಾ ಅರ್ಧ ಬೆಲೆಗೆ ತರ್ತಾನಂತೆ' ಅಂತ ಹಿಗ್ಗಿದ್ರು. ನಾನು ತರಕಾರಿ ಅನ್ಕೊಂಡೆ! ನನಗೆ ಮಾತ್ರ 'ನೀನು ಹೇಳಿದ್ದೇ ತಂದೆ' ಅಂದ್ರಿ.

ಈರಪ್ಪ: ಅಂದ್ರ ಡಬ್ಬಿ ಹಿಡಿದಿದ್ದು ಸೆನ್ಸಾರನ್ನಲ್ರೀ ಅಕ್ಕಾರ, ಅಣ್ಣಾರನ್ನ!

ಜಗಳ ದಿವ್ಯಳ ಪಾಲಿಗೆ ಗೆಲುವಾಯಿತು ಎಂದುಕೊಂಡೆ. ಅಷ್ಟರಲ್ಲಿ ಈರಪ್ಪ ಸೀಟಿನಡಿಯಿಂದ ಸ್ಕ್ರೂಡ್ರೈವರ್ ತೆಗೆದ.

ಈರಪ್ಪ: ಡಬ್ಬಿ ಶಾಣ್ಯಾ ಐತಿ, ಒಪ್ಪಿದೆ. ಆದ್ರ ನಡು ರಸ್ತ್ಯಾಗ ನಿಂತು ಶಾಣ್ಯಾತನ ತೋರಿಸಿದ್ರ ನನ್ನ ಗಾಡಿ ಯಾರು ಹತ್ತತಾರ? ನನ್ನ ಹೇಣ್ತಿ ಹಾಲವ್ವ ನನ್ನ ಮನಿಯೊಳಗ ಬಿಟ್ಕೊಳ್ಳಂಗಿಲ್ಲ. ಬಿಚ್ಚತೀನ್ರಿ.

ದಿವ್ಯಳ ಮುಖ ಬಾಡಿತು. ಇದುವರೆಗೆ ಡಬ್ಬಿಯನ್ನು ಬೈಯುತ್ತಿದ್ದ ಯೋಗಾನಂದನೇ ಓಡಿಹೋಗಿ ಸ್ಕ್ರೂಡ್ರೈವರ್ ಹಿಡಿದುಕೊಂಡ.

ಯೋಗಾನಂದ: ತಡಿಯಪ್ಪ, ಒಂದ್ನಿಮಿಷ! ದಿವ್ಯಾ, ನಾನು ಅಮ್ಮನಿಗೊಂದು ನಿನಗೊಂದು ಹೇಳಿರೋದು ಇದೇ ಮೊದಲಾ?

ದಿವ್ಯ: ಇದೇನು ಹೆಮ್ಮೆ ಪಡೋ ವಿಷಯಾನಾ?

ಯೋಗಾನಂದ: ಸಿಕ್ಕಿಹಾಕ್ಕೊಂಡಾಗ ನೀನು ಏನ್ ಮಾಡ್ತೀಯ?

ದಿವ್ಯ: ಅನ್ನ ಮಜ್ಜಿಗೆ ಹಾಕ್ತೀನಿ.

ಯೋಗಾನಂದ: ಉಪವಾಸ ಕೆಡವಲ್ಲ?

ದಿವ್ಯ: ಉಪವಾಸ ಯಾಕೆ ಕೆಡವ್ಲಿ? ನಿಜ ಏನು ಅಂತ ಗೊತ್ತಾಗೋ ತನಕ ಬರೀ ಅನ್ನ ಮಜ್ಜಿಗೆ. ಸಾರು, ಪಲ್ಯ, ಹಪ್ಪಳ ಬಂದ್.

ಯೋಗಾನಂದ: ಮತ್ತೆ ಗಾಡಿಗೆ ಮಾತ್ರ ಯಾಕೇ ಉಪವಾಸ? ನನಗೆ ಕೊಡೋ ಮರ್ಯಾದೆನಾದ್ರೂ ಅದಕ್ಕೆ ಕೊಡು!

ದಿವ್ಯ ಲ್ಯಾಪ್‌ಟಾಪಿನ ಮುಂದೆ ಕೂತು ಟಕಟಕ ಕುಟ್ಟತೊಡಗಿದಳು.

ನಾನು: ಏನಮ್ಮಾ ಅದು?

ದಿವ್ಯ: ಗಾಡಿಗೆ ಅನ್ನ ಮಜ್ಜಿಗೆ ಬಡಿಸ್ತಿದೀನಿ ಸಾರ್. ಸೆನ್ಸಾರ್‌ಗಳ ಮಾತು ಹೊಂದದೇ ಇದ್ರೆ, ಕಡಿಮೆ ಹೇಳಿದ್ದನ್ನೇ ನಂಬಿ ನಡಿಗೆ ವೇಗದಲ್ಲಿ ಹೋಗ್ಲಿ. ಪಕ್ಕಕ್ಕೆ ಸೇರ್ಕೊಳೋಕೆ ಅಷ್ಟು ಸಾಕು. ಕೈ ಬಿಟ್ರೆ ನಿಲ್ಲತ್ತೆ.

ಯೋಗಾನಂದ: ಇದಕ್ಕೆ ಹೊಸ ಸಾಮಾನು?

ದಿವ್ಯ: ಏನೂ ಬೇಡ, ಪ್ರೋಗ್ರಾಂ ಬದಲಾಯಿಸಿದ್ರೆ ಆಯ್ತು. ನಿಮ್ಮ ಅರ್ಧ ಬೆಲೆಯದೂ ಇರ್ಲಿ. ಅಳೆಯೋಕೆ ಬರಲ್ಲ, ಸಾಕ್ಷಿ ಹೇಳೋಕೆ ಸಾಕು. ಬಿಸಿಲಿಗೆ ಎಷ್ಟು ಜಾಸ್ತಿ ಹೇಳತ್ತೆ ಅಂತ ಅಳೆದು, ಅಷ್ಟನ್ನ ಕಳೆದು ಕೇಳ್ತೀನಿ. ನಿಮ್ಮ ಮಾತು ಕೇಳೋ ಹಾಗೆ.

ಪರೀಕ್ಷೆಗೆಂದು ಒಂದು ಸೆನ್ಸಾರು ಬೇಕೆಂದೇ ಜಾಸ್ತಿ ಹೇಳುವಂತೆ ಮಾಡಿ ಈರಪ್ಪನನ್ನು ಓಡಿಸಲು ಹೇಳಿದಳು. ಆಟೋ ಅಂಚಿನಲ್ಲಿ ತೆವಳುತ್ತ ಹೊರಟಿತು. ಹೂವಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಅದನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕರು.

ಈರಪ್ಪ: ಹೆಣದ ಗಾಡಿ ಹೊಂಟಂಗ ಹೊಂಟೈತ್ರೀ ಅಕ್ಕಾರ... ಆದ್ರ ಹೊಂಟೈತಿ! ಆತು, ಇರ್ಲಿ ನಿಮ್ಮ ಡಬ್ಬಿ.

ಸ್ಕ್ರೂಡ್ರೈವರ್ ಸೀಟಿನಡಿಗೆ ಮರಳಿತು. ರಾಮಯ್ಯನ ಮನೆಯಲ್ಲಿ ಆ ದಿನ ನನಗೆ ತಣ್ಣಗಿನ ಊಟ ಸಿಕ್ಕಿತು, ನಾನು ದೂರಲಿಲ್ಲ.

ಇದಾಗಿ ವರ್ಷದ ಮೇಲಾಯಿತು. ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದೆದುರು ನಿಲ್ಲುವ ಹಲವು ಆಟೋಗಳಲ್ಲಿ ಈಗ ಆ ಡಬ್ಬಿಯಿದೆ. ಗಾಡಿ ಇದ್ದಕ್ಕಿದ್ದಂತೆ ನಿಧಾನವಾದರೆ ಚಾಲಕರು ಗಾಬರಿಪಡುವುದಿಲ್ಲ. "ಮಜ್ಜಿಗೆಗೆ ಬಂತು ಸಾರ್, ಅಕ್ಕನಿಗೆ ತೋರಿಸ್ಬೇಕು" ಎಂದು ಪಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ದಿವ್ಯ ಈಗ ಸಾಮಾನು ಸಾಗಿಸುವ ಗಾಡಿಗಳಿಗೆ ಬ್ರೇಕಿನ ಡಬ್ಬಿಯನ್ನು ರೂಪಿಸುತ್ತಿದ್ದಾಳೆ. ಯೋಗಾನಂದ ಅದಕ್ಕೆ ಸಾಮಾನು ತರುತ್ತಿದ್ದಾನೆ.

ಮೊನ್ನೆ ಊಟದ ಹೊತ್ತಿಗೆ ಅವರ ಅಂಗಡಿಗೆ ಹೋಗಿದ್ದೆ. ದಿವ್ಯಳ ಬುತ್ತಿಯಲ್ಲಿ ಸಾರು, ಪಲ್ಯ, ಹಪ್ಪಳ. ಯೋಗಾನಂದನ ಬುತ್ತಿಯಲ್ಲಿ ಅನ್ನ ಮಜ್ಜಿಗೆ.

ನಾನು: ಏನಪ್ಪಾ ಇದು?

ಯೋಗಾನಂದ: ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ರು ಸಾರ್. ತನಿಖೆ ನಡೀತಿದೆ.

ಒಂದು ತುತ್ತು ನುಂಗಿ, ಹೆಂಡತಿಯ ಕಡೆಗೊಮ್ಮೆ ಕಳ್ಳನೋಟ ಬೀರಿ, ಹೆಮ್ಮೆಯಿಂದಲೇ ಹೇಳಿದ:

"ಆದ್ರೂ ನೋಡಿ ಸಾರ್, ಗಾಡಿ ನಿಂತಿಲ್ಲ."