ಬಲಗಂಕುಳಿನ ಬ್ಯಾಗ್‌ಪೈಪು

ಮುಖಪುಟದ ಮೇಲಿರುವ ಮನುಷ್ಯ ಪುಟ ತೆರೆಯುವ ಕಡೆಗೇ ನೋಡುತ್ತಿರಬೇಕು. ಮರ್ಡೋ ಪಿರೀ ತನ್ನ ಕಸುಬಿನಲ್ಲಿ ಗಟ್ಟಿಯಾಗಿ ಕಲಿತಿದ್ದ ಒಂದೇ ಒಂದು ನಿಯಮ ಇದು. ಅವತ್ತು ಅದೇ ಅವನ ಕುತ್ತಿಗೆಗೆ ಬಂತು.

ಇನ್ವರ್‌ಕಾರ್ಗಿಲ್ ಊರಿನ ‘ಊದುಗರ ವಾರ್ತೆ’ ಎಂಬ ಸಂಗೀತ ಪತ್ರಿಕೆಯಲ್ಲಿ ಅವನು ಒಂಬತ್ತು ವರ್ಷದಿಂದ ಒಳಪುಟಗಳನ್ನು ಜೋಡಿಸುತ್ತಿದ್ದ. ತೀರಿಹೋದ ಬ್ಯಾಗ್‌ಪೈಪ್ ವಾದಕರ ಫೋಟೋಗಳಿಗೆ ಕಪ್ಪು ಅಂಚು ಹಾಕುವುದು, ಕುರಿ ಔಷಧಿಯ ಜಾಹೀರಾತು ಕೂರಿಸುವುದು, ಇಷ್ಟೇ ಅವನ ಪಾಲಿನ ಕಲೆ. ನೂರನೇ ಸಂಚಿಕೆಗೆ ಸಂಪಾದಕಿ ಆಡ್ರಿ ಕೊನೆಗೂ ಮನಸ್ಸು ಕರಗಿ ಮುಖಪುಟವನ್ನು ಅವನ ಕೈಗೆ ಕೊಟ್ಟಳು. ಚೆನ್ನಾಗಿ ಬಂದರೆ ಮುಂದಿನದೆಲ್ಲ ಅವನದೇ. ಮೇಲಾಗಿ ಕೆಳಮೂಲೆಯಲ್ಲಿ ಅವನ ಹೆಸರು! ಆ ಹೆಸರಿಗಾಗಿ ಅವನ ತಾಯಿ ಒಂಬತ್ತು ವರ್ಷದ ಹಿಂದೆಯೇ ಗಾಜಿನ ಚೌಕಟ್ಟು ಕೊಂಡು ಗೋಡೆಗೆ ಖಾಲಿಯಾಗಿಯೇ ನೇತುಹಾಕಿದ್ದಳು.

ಚಿತ್ರ ಎಂಬತ್ತೊಂದು ವರ್ಷದ ನಾರ್ಮನ್ ಟಲಕ್‌ನದು. ಊರಿನ ಬ್ಯಾಂಡಿನ ಪೈಪ್ ಮೇಜರ್, ಅಂದರೆ ಊದುಗರ ಮುಖ್ಯಸ್ಥ. ಹುಬ್ಬು ಏರಿಸಿದರೆ ಇಡೀ ಬ್ಯಾಂಡು ಉಸಿರು ಬಿಗಿಹಿಡಿಯುತ್ತಿತ್ತು. ಫೋಟೋದಲ್ಲಿ ಈ ಮಹಾನುಭಾವ ತಪ್ಪು ದಿಕ್ಕಿಗೆ ನೋಡುತ್ತಿದ್ದ. ಮರ್ಡೋ ಗುಂಡಿ ಒತ್ತಿ, ಕನ್ನಡಿಯಲ್ಲಿ ಕಂಡ ಹಾಗೆ ಅವನನ್ನು ತಿರುಗಿಸಿಬಿಟ್ಟ.

ಆಡ್ರಿ ಬಂದು ಇಣುಕಿದಳು. “ಟೋಪಿ ಗರಿ ಇನ್ನೂ ಚೂರು ದೊಡ್ಡದು ಮಾಡಪ್ಪ.”

ಕೆಳಗಿನ ಬೇಕರಿಯ ವಿಲ್ಮಾ ಚೀಸ್ ರೋಲ್ ತಟ್ಟೆ ಹಿಡಿದೇ ಬಂದಳು. ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವಳು, ಸಲಹೆಗೆ ಬರವಿಲ್ಲ. “ಮಂಡಿ ಕಾಣ್ಲಿ ಮಹರಾಯ. ಕಿಲ್ಟ್ ಲಂಗ ಉಟ್ಟ ಗಂಡಸಿಗೆ ಮಂಡೀನೇ ಮುಖ.”

ಮರ್ಡೋ ಗರಿ ಬೆಳೆಸಿದ, ಮಂಡಿ ತೋರಿಸಿದ. ಹತ್ತಕ್ಕೆ ಹಿಂದಿನ ಓಣಿಯ ಮುದ್ರಣಾಲಯಕ್ಕೆ ಹೋದ ಮುಖಪುಟ, ಹನ್ನೆರಡಕ್ಕೆ ನಾನೂರು ಪ್ರತಿಗಳಾಗಿ ಬಂದಿಳಿಯಿತು. ಮೂರು ಗಂಟೆಗೆ ಬ್ಯಾಂಡ್ ಹಾಲಿನಲ್ಲಿ ನಾರ್ಮನ್ ಕೈಯಲ್ಲೇ ಬಿಡುಗಡೆ.

ಮೊದಲ ಪ್ರತಿ ಎತ್ತಿಕೊಂಡ ವಿಲ್ಮಾಳ ಬಾಯಲ್ಲಿ ಚೀಸ್ ರೋಲು ಅಲ್ಲೇ ನಿಂತಿತು.

“ಮರ್ಡೋ, ಪೈಪಿನ ಗಾಳಿ ಚೀಲ ಯಾವ ಕಂಕುಳಲ್ಲಿದೆ?”

“ಬಲಗಂಕುಳಲ್ಲಿ. ಯಾಕೆ?”

“ಎಡಗಂಕುಳಲ್ಲಿ ಇರ್ಬೇಕಲ್ಲೋ! ಹೋದ ವರ್ಷ ಬಲಗಡೆ ಇಟ್ಕೊಂಡು ಬಂದ ಒಬ್ಬರನ್ನ ನಾರ್ಮನ್ ಸಾಲಿಂದಲೇ ಆಚೆ ಹಾಕಿದ್ರು. ಡಾಕ್ಟ್ರು ಅಂತಾನೂ ನೋಡ್ಲಿಲ್ಲ!”

ಮರ್ಡೋ ಪ್ರತಿಯನ್ನು ಕಸಿದು ಕಣ್ಣಿಗೆ ಹಿಡಿದ. ಬ್ಯಾಗ್‌ಪೈಪು ಅವನಿಗೆ ಗೊತ್ತಿದ್ದದ್ದು ಕಿವಿ ಮುಚ್ಚಿಕೊಳ್ಳುವಷ್ಟು ಮಾತ್ರ.

“ಮತ್ತೆ ಮುದ್ರಿಸೋಣ ಮೇಡಂ,” ಎಂದು ಗೋಗರೆದ.

“ಕಾಗದ ಎಲ್ಲಿದೆಯೋ? ಹೊತ್ತೆಲ್ಲಿದೆ?” ಆಡ್ರಿ ತಲೆ ಹಿಡಿದುಕೊಂಡಳು. “ನಾನಂತೂ ಗರಿ ಬಿಟ್ರೆ ಬೇರೇನೂ ನೋಡಲಿಲ್ಲ ಅಂತ ಹೇಳಿಬಿಡ್ತೀನಿ.”

ವಿಲ್ಮಾ ಓಡಿಹೋಗಿ ರೋಲ್ ಪೊಟ್ಟಣಕ್ಕೆ ಅಂಟಿಸುವ ಚೀಟಿಗಳ ಸುರುಳಿ ತಂದಳು. ಚೀಟಿ ಬೆರಳುದ್ದ, ಚೀಲ ಅಂಗೈಯಗಲ, ಮುಚ್ಚಲಿಲ್ಲ. ಆದರೆ ಮೂಲೆಯ ಹೆಸರಿಗೆ ಅಳತೆ ತೆಗೆದು ಹೊಲಿಸಿದಂತೆ ಕೂತಿತು.

“ಚೀಲ ಹೋಗ್ಲಿ, ನಿನ್ನನ್ನಾದ್ರೂ ಉಳಿಸೋಣ,” ಎಂದಳು ವಿಲ್ಮಾ. “ಯಾರು ಮಾಡಿದ್ದು ಅಂತ ಗೊತ್ತಾಗದಿದ್ರೆ ಯಾರಿಗೆ ಬೈತಾರೆ?”

ಒಂಬತ್ತು ವರ್ಷ ಕಾದ ಹೆಸರು. ಮರ್ಡೋ ಕಣ್ಣೊರೆಸಿಕೊಳ್ಳುತ್ತ, ನಾನೂರು ಪ್ರತಿಗೂ ತನ್ನ ಕೈಯಾರೆ ಚೀಟಿ ಅಂಟಿಸಿದ; ಏಳದ ಹಾಗೆ ಹೆಬ್ಬೆರಳಿನಿಂದ ತಿಕ್ಕಿದ. ಅಂಟು ಭೇಷಾಗಿತ್ತು.

ಮೂರು ಗಂಟೆಗೆ ಬ್ಯಾಂಡ್ ಹಾಲಿನ ಬಾಗಿಲಲ್ಲಿ ಕಿಲ್ಟು ಉಟ್ಟ ಆಜಾನುಬಾಹುವೊಬ್ಬ ಪತ್ರಿಕೆ ಹಿಡಿದು ಗುಡುಗಿದ. “ಈ ಘನಂದಾರಿ ಕೆಲಸ ಯಾರದ್ರೀ?”

“ನಂದಲ್ಲಪ್ಪ! ದೇವರಾಣೆ ನಂದಲ್ಲ!” ಮರ್ಡೋ ಇಡೀ ಹಾಲಿಗೆ ಕೇಳುವಂತೆ ಕೂಗಿ, ಕೊನೆಯ ಸಾಲಿನಲ್ಲಿ ತಾಯಿಯ ಪಕ್ಕ ಹುದುಗಿಕೊಂಡ.

ನಾರ್ಮನ್ ವೇದಿಕೆಯ ಮೇಲೆ ಪತ್ರಿಕೆ ಬಿಡಿಸಿದ. ಹುಬ್ಬು ಏರಿತು. ಹಾಲಿನಲ್ಲಿ ಉಸಿರಿನ ಸದ್ದಿಲ್ಲ. ಮುದುಕ ನೋಡಿಯೇ ನೋಡಿದ. ಆಮೇಲೆ ಪತ್ರಿಕೆಯನ್ನು ಎದೆಗೊತ್ತಿಕೊಂಡ.

“ನಾನು ಎಡಚ ಕಣ್ರಯ್ಯ,” ಎಂದ. “ಹುಟ್ಟಾ ಎಡಚ. ಹದಿಮೂರನೇ ವಯಸ್ಸಲ್ಲಿ ಮೊದಲು ಚೀಲ ಎತ್ತಿದ್ದು ಈ ಬಲಗಂಕುಳಿಗೇ. ಸಾಲು ಕೆಡುತ್ತೆ ಅಂತ ಅವತ್ತಿನ ಮೇಜರ್ ಬಡಿದು ಎಡಕ್ಕೆ ಹಾಕಿಸಿದ. ಅರವತ್ತೆಂಟು ವರ್ಷ ಆಯ್ತು. ನಾನು ನಾನಾಗಿದ್ರೆ ಹೇಗಿರ್ತಿದ್ದೆ ಅಂತ ಇವತ್ತೇ ನೋಡಿದ್ದು. ಆ ಡಾಕ್ಟ್ರಿಗೆ ಯಾರಾದ್ರೂ ಫೋನ್ ಮಾಡ್ರೋ, ನಾಳೆಯಿಂದ ಸಾಲಿಗೆ ಬರ್ಲಿ!”

ಸಭೆಯೇ ಎದ್ದು ನಿಂತಿತು. ಚಪ್ಪಾಳೆ, ಶಿಳ್ಳೆ, ಡೋಲಿನ ಸದ್ದು! ಬಾಗಿಲಲ್ಲಿ ಗುಡುಗಿದ್ದವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಾನೂರು ಪ್ರತಿ ಅರ್ಧ ಗಂಟೆಯಲ್ಲಿ ಖರ್ಚಾದವು. ಮರ್ಡೋನ ಎದೆ ಗಾಳಿ ತುಂಬಿದ ಚೀಲದಂತೆ ಉಬ್ಬಿತು.

“ನನ್ನ ಮನಸ್ಸು ಹೊಕ್ಕು ನೋಡಿದ ಆ ಪುಣ್ಯಾತ್ಮ ಯಾರು?” ನಾರ್ಮನ್ ಕನ್ನಡಕ ಏರಿಸಿ ಮೂಲೆಯನ್ನು ಗಟ್ಟಿಯಾಗಿ ಓದಿದ. “‘ಮುಖಪುಟ: ವಿಲ್ಮಾ ಬೇಕರಿ. ಪ್ರೀತಿಯಿಂದ ಕೈಯಾರೆ ಮಾಡಿದ್ದು.’ ಬಾರಮ್ಮ ತಾಯಿ ಮೇಲಕ್ಕೆ!”

“ನಾನು! ಅದು ನಾನು ಮಾಡಿದ್ದು!” ಮರ್ಡೋ ಬೆಂಚು ಹತ್ತಿ ಕಿರುಚಿದ.

“ಏನ್ರೀ ನೀವು,” ಬಾಗಿಲಿನವನು ಕಣ್ಣೊರೆಸಿಕೊಂಡು ಅವನ ಅಂಗಿ ಹಿಡಿದೆಳೆದ. “ಈಗಷ್ಟೇ ದೇವರಾಣೆ ಹಾಕಿದ್ರಿ. ಬೇರೆಯವರ ಮರ್ಯಾದೆಗೆ ಕೈ ಹಾಕ್ತೀರಾ?”

ಮರ್ಡೋ ಆಡ್ರಿಯತ್ತ ನೋಡಿದ. ಅವಳು ಮುಂದಿನ ಸಾಲಿನಿಂದ ಹಿಂದಕ್ಕೆ ಬಾಗಿ ಪಿಸುಗುಟ್ಟಿದಳು. “ಸುಮ್ನಿರಪ್ಪ. ವಿಲ್ಮಾ ವರ್ಷವಿಡೀ ಹಿಂಬದಿ ಪುಟಕ್ಕೆ ಜಾಹೀರಾತು ಕೊಡ್ತಾಳಂತೆ. ಮುಂದಿನ ಮುಖಪುಟಾನೂ ಅವಳೇ ಮಾಡ್ಲಿ ಅಂತ ಬ್ಯಾಂಡಿನವರೆಲ್ಲ ಹಟ ಹಿಡಿದಿದ್ದಾರೆ. ನೀನು ಅವಳ ಕೈಕೆಳಗೆ ಇರು. ಗರಿ ಮಾತ್ರ ದೊಡ್ಡದಿರ್ಲಿ.”

ವೇದಿಕೆಯ ಮೇಲೆ ವಿಲ್ಮಾ ನಾರ್ಮನ್‌ನ ಕೈ ಕುಲುಕುತ್ತ, “ಅಯ್ಯೋ, ಅದೇನು ಮಹಾ!” ಎನ್ನುತ್ತಿದ್ದಳು.

ಅವತ್ತು ಸಂಜೆ ಮರ್ಡೋನ ತಾಯಿ ಉಗುರಿನಿಂದ ಕೆರೆದಳು, ಬಿಸಿನೀರಿನ ಹಬೆ ಹಿಡಿದಳು. ಚೀಟಿ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಮುಖಪುಟವನ್ನು ಹಾಗೆಯೇ ಚೌಕಟ್ಟಿಗೆ ಹಾಕಿ, ನೆರೆಯವರನ್ನೆಲ್ಲ ಕರೆದು, ಗಾಜಿನ ಮೇಲೆ ಬೆರಳಿಟ್ಟು ಹೆಮ್ಮೆಯಿಂದ ತೋರಿಸಿದಳು. “ನನ್ನ ಮಗ ಈ ಚೀಟಿ ಕೆಳಗಿದ್ದಾನೆ ನೋಡಿ.”